ಬೆಳ್ಳಗಾದ ಬಾಟಲಿ

ಭಾಗ್ಯಾ, ನಿನ್ನ ಬಾಟಲಿಯಲ್ಲಿದ್ದದ್ದು ಕೆಟ್ಟಿರಲಿಲ್ಲ. ಅದನ್ನು ಬಚ್ಚಲಿಗೆ ಸುರಿದವಳು ನಾನು, ನಿನ್ನ ಅಕ್ಕ. ಆರು ವರ್ಷದಿಂದ ಈ ಒಂದು ಮಾತು ಬಾಯಿಯ ತನಕ ಬಂದು—

ನೀನು ಕಲಬುರಗಿಯ ಲ್ಯಾಬಿನಲ್ಲಿ ನೀರಿನ ಬಣ್ಣ ತೆಗೆಯುವ ಆ ಪಾಲಿಮರ್ ಮಾಡುತ್ತಿದ್ದ ದಿನಗಳು. ಚಳಿ ಮುಗಿಯುವಾಗ ನೀನು ಕಮಲಾಪುರಕ್ಕೆ ಬಂದು, ಅದರ ಒಂದು ಸಣ್ಣ ಬಾಟಲಿಯನ್ನು ತಗಡಿನ ಸೂರಿನ ನನ್ನ ಅಡುಗೆಮನೆಯ ಗೂಡಿನಲ್ಲಿಟ್ಟೆ.

"ಲ್ಯಾಬಿನಾಗಿನ ಕಾವು ಬ್ಯಾರೆ, ನಿನ್ನ ಪತ್ರಾಸಿನ ಕಾವು ಬ್ಯಾರೆ ಯಕ್ಕಾ. ಒಂದು ಬ್ಯಾಸಗಿ ಇದು ತಡೀತಂದ್ರ ನಾ ಗೆದ್ದಂಗ. ಮುಚ್ಚಳ ಮಾತ್ರ ತಗೀಬ್ಯಾಡ."

ಆಮೇಲೆ ನೀನು ಇನ್ನೂ ಏನೇನೋ ಹೇಳಿದೆ. ನಾನು ರೊಟ್ಟಿ ಬಡಿಯುತ್ತ ಹೂಂ ಹೂಂ ಎಂದೆ. ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ಇದೆಲ್ಲ ಯಾಕೆ ಎಂದುಕೊಂಡೆ — ಕೇಳಿಸಿಕೊಳ್ಳಲಿಲ್ಲ.

ಬಿಸಿಲು ಜೋರಾದ ಮೊದಲ ದಿನ. ಮಧ್ಯಾಹ್ನ ನೋಡಿದರೆ ನೀರಿನಂತೆ ತಿಳಿಯಾಗಿದ್ದದ್ದು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಸಾರು ಹಳಸಿದರೆ ಏನು ಮಾಡುತ್ತೇನೋ ಅದನ್ನೇ ಮಾಡಿದೆ — ಸುರಿದೆ, ಬೂದಿ ಹಾಕಿ ತಿಕ್ಕಿ, ಬಾಟಲಿಯನ್ನು ಬೋರಲು ಹಾಕಿದೆ.

ಸಂಜೆ ನಿನ್ನ ಫೋನು.

"ಯಕ್ಕಾ, ಇವತ್ತ ಭಾಳ ಬಿಸಲಿತ್ತು. ಬಾಟ್ಲಿ ಬೆಳ್ಳಗಾಯ್ತೇನು?"

"ಹೂಂ... ಆಗ್ಯದ."

"ಹಂಗೇ ಆಗ್ಬೇಕು! ಕಾವು ಏರಿದ್ರ ಅದು ಮುದುಡಿ ಕೂಡ್ತದ, ಕೆಲಸ ಬಂದ್. ತಂಪಾದ್ರ ಅರಳಿ ಮತ್ತ ನೀರಿನ್ಯಾಗಿನ ಬಣ್ಣ ತಗೀತದ. ಯಾರೂ ಹೇಳೋದು ಬ್ಯಾಡ. ನಮ್ಮ ಮಾಮಾನಕಿಂತ ಶಾಣ್ಯಾ ಅದ ನೋಡು!"

ನನ್ನ ಗಂಡನ ಮೇಲಿನ ಆ ಚೇಷ್ಟೆಗೆ ನಾನೂ ನಕ್ಕೆ. ಬೋರಲು ಬಿದ್ದ ಬಾಟಲಿಯನ್ನು ನೋಡುತ್ತ ನಕ್ಕೆ. ಆಗಲೇ ಹೇಳಿದ್ದರೆ ನೀನು ಬೈದು, ಅತ್ತು, ಇನ್ನೊಂದಿಷ್ಟು ಮಾಡಿಕೊಳ್ಳುತ್ತಿದ್ದೆ. ಹೇಳಲಿಲ್ಲ. ಫೋನಿಟ್ಟು, ಬಾಟಲಿಗೆ ಬಾವಿಯ ನೀರು ತುಂಬಿಸಿ ಮತ್ತೆ ಗೂಡಿನಲ್ಲಿಟ್ಟೆ.

ಸುರಿದದ್ದು ತಿಳಿಯದೆ. ತುಂಬಿಸಿದ್ದು ತಿಳಿದೇ.

ಅಲ್ಲಿಗೂ ನಿಲ್ಲಲಿಲ್ಲ. ಬೇಸಿಗೆ ಮುಗಿಯುವ ತನಕ ನೀನು ಕೇಳಿದೆ, ನಾನು ಹೇಳಿದೆ — ಮಧ್ಯಾಹ್ನ ಬೆಳ್ಳಗಾಯ್ತು, ಬೆಳಗ್ಗೆ ತಿಳಿಯಾಯ್ತು. ನೀನು ನಂಬಿ ಪುಸ್ತಕದಲ್ಲಿ ಬರೆದುಕೊಂಡೆ. ಮಳೆ ಶುರುವಾದಾಗ ನೀನು ಬಂದು ಬಾಟಲಿ ಒಯ್ದೆ. ಲ್ಯಾಬಿನಲ್ಲಿ ಎಷ್ಟು ಕಾಯಿಸಿದರೂ ಅದು ಬೆಳ್ಳಗಾಗಲಿಲ್ಲ. ಬಣ್ಣದ ನೀರಿಗೆ ಹಾಕಿದರೆ ಬಣ್ಣ ಹೋಗಲಿಲ್ಲ. ಬಾವಿಯ ನೀರು ಏನು ಮಾಡೀತು?

"ತಡೀಲಿಲ್ಲ ಯಕ್ಕಾ. ತಪ್ಪು ನಂದೇ, ಮಾಡುವಾಗನ ಎಲ್ಲೋ ಕಚ್ಚಾ ಉಳದದ," ಎಂದೆ. ನನ್ನ ಮೇಲೆ ನಿನಗೆ ಅನುಮಾನ ಕೂಡ ಬರಲಿಲ್ಲ. ಆ ಕೆಲಸವನ್ನೇ ಬಿಟ್ಟೆ. ಈಗ ಜೇವರ್ಗಿ ಕಾಲೋನಿಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೀಯ. ಯಾರಾದರೂ ಆ ದಿನಗಳ ಸುದ್ದಿ ತೆಗೆದರೆ, "ನನಗ ಕೈಗುಣ ಇಲ್ರೀ" ಎಂದು ನಗುತ್ತೀಯ. ಆ ನಗು ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ.

ಹೇಗೂ ತಡೆಯುತ್ತಿರಲಿಲ್ಲವೇನೋ — ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ! ತಡೆಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವಳು ನಾನು.

ಈ ಕಾಗದವನ್ನು ನಿನ್ನ ಲ್ಯಾಬಿನ ಸರ್‌ಗೆ ತೋರಿಸು. ಅವರು ನಂಬದಿದ್ದರೆ ನಾನೇ ಬಂದು ಅವರೆದುರು ನಿಂತು ಹೇಳುತ್ತೇನೆ. ನೀನು ಪಕ್ಕದಲ್ಲಿ ನಿಲ್ಲಬೇಕೆಂದು ಕೇಳುವುದಿಲ್ಲ.