ಬಟನ್ ಇಲ್ಲದ ಪಿಯಾನೊ

ಶಿಲ್ಲಾಂಗಿನ ಪಿಯಾನೊಗೆ ಬಟನ್ ಇರಲಿಲ್ಲ. ಈ ದೂರದ ಊರಿನಲ್ಲಿ ನನಗೆ ಬಿದ್ದ ಮೊದಲ ಪೆಟ್ಟು ಅದೇ.

ನಮ್ಮ ಕಡೆ ಆರ್ಕೆಸ್ಟ್ರಾ ನೋಡಿದವರಿಗೆ ಇದು ಅರ್ಥವಾಗುತ್ತದೆ. ಹಾಡುವವರ ಶ್ರುತಿ ಮೇಲಿರಲಿ ಕೆಳಗಿರಲಿ, ಕೀಬೋರ್ಡಿನವನ ಕೈ ಬಿಳಿ ಕೀಗಳ ಮೇಲೆಯೇ ಇರುತ್ತದೆ. ಎಡಕ್ಕಿರುವ ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಸಾಕು, ಯಂತ್ರವೇ ಶ್ರುತಿ ಏರಿಸಿ ಇಳಿಸಿ ಕೊಡುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಆರತಕ್ಷತೆಗಳಲ್ಲಿ ನಾನು ವರ್ಷಗಟ್ಟಲೆ ಹಾಗೆಯೇ ನುಡಿಸಿದೆ, ಹಾಡು ಕಟ್ಟಿದೆ, ಬೇರೆಯವರ ಹಾಡಿಗೆ ವಾದ್ಯ ಹೊಂದಿಸಿಕೊಟ್ಟೆ. ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ಕುರಿ ಮೇಯಿಸುವವಳ ಬಗ್ಗೆ ನಾನು ಬರೆದ ಹಾಡನ್ನು ಬಿ.ಜಿ. ಕೆರೆಯ ಗೆಳೆಯ ಓಬಳೇಶ ಹಾಡಿದ. ಅದು ಖಾಸಗಿ ಬಸ್ಸುಗಳಲ್ಲೆಲ್ಲ ಓಡಿತು. ಚಳ್ಳಕೆರೆಯ ಆಟೊದವರು ನನ್ನ ಹತ್ತಿರ ಬಾಡಿಗೆ ಬೇಡ ಅನ್ನುವಷ್ಟು ಹೆಸರಾಯಿತು. ಆದರೂ ನನಗೆ ನಿಂತಲ್ಲಿ ನಿಲ್ಲಲಾಗದು. ಇಷ್ಟೇನಾ, ಇಷ್ಟೇನಾ ಎಂದು ಒಳಗೊಂದು ತುರಿಕೆ.

ಬೆಂಗಳೂರಿನ ಮದುವೆಯೊಂದರಲ್ಲಿ ಪರಿಚಯವಾದ ಗಾಯಕಿ ಬಾನ್ರಿ ಕರೆದದ್ದೇ ತಡ, ಹೊರಟುಬಿಟ್ಟೆ. ಇಲ್ಲಿ ಅವರನ್ನು ಎಲ್ಲರೂ ಕಾಂಗ್ ಬಾನ್ರಿ ಅನ್ನುತ್ತಾರೆ. ಕಾಂಗ್ ಎಂದರೆ ಖಾಸಿ ಭಾಷೆಯಲ್ಲಿ ಅಕ್ಕ. ಬಂದ ಮೊದಲ ದಿನವೇ ತಮ್ಮ ಮನೆಯ ಹಳೇ ಪಿಯಾನೊ ಮುಂದೆ ಕೂರಿಸಿ, ನನ್ನ ಹಾಡೊಂದನ್ನು ನುಡಿಸಲು ಹೇಳಿ, ಹಿಂದಿಯಲ್ಲಿ, "ಅರ್ಧ ಸ್ವರ ಇಳಿಸು" ಅಂದರು. ನನ್ನ ಎಡಗೈ ತಾನಾಗಿ ಬಟನ್ ಕಡೆ ಹೋಯಿತು. ಅಲ್ಲಿ ಬರೀ ಮರ.

"ಏನು ಹುಡುಕ್ತಿದ್ದೀಯ?" ಎಂದು ಕೇಳಿದರು. ಏನೆಂದು ಹೇಳಲಿ? ನಾಲ್ಕು ಊರಿಗೆ ಹೆಸರಾದವನು ನನ್ನದೇ ಹಾಡನ್ನು ಅರ್ಧ ಸ್ವರ ಕೆಳಗೆ ನುಡಿಸಲಾರದೆ ಕೂತಿದ್ದೆ. ನಾಚಿಕೆಯಿಂದ ಸತ್ತುಹೋದೆ.

ಅವರು ನಗಲಿಲ್ಲ. ಮನೆಯ ಹಿಂದಿನ ತಗಡಿನ ಕೋಣೆ ಕೊಟ್ಟರು, ಕ್ವಾಯ್ ಕೊಟ್ಟರು. ಕ್ವಾಯ್ ಅಂದರೆ ಎಲೆ, ಅಡಿಕೆ, ಸುಣ್ಣ. ನಮ್ಮದೇ ತಾಂಬೂಲ ಅಂದುಕೊಂಡು ಬಾಯಿಗೆ ಹಾಕಿದೆ. ಅಡಿಕೆ ಹಸಿಯದು. ತಲೆ ಗಿರ್ ಅಂದು, ಆ ಚಳಿಯಲ್ಲೂ ಬೆವೆತೆ. ಮಾಂಸದ ಜೊತೆ ಬೇಯಿಸಿದ ಅನ್ನ ಜಾದೋ ನಾಲಿಗೆಗೆ ಬೇಗ ಒಗ್ಗಿತು. ಸಾಸಿವೆ ಎಣ್ಣೆಯ ವಾಸನೆ ಮಾತ್ರ ಒಗ್ಗಲೇ ಇಲ್ಲ. ಶೇಂಗಾ ಎಣ್ಣೆ ಗಾಣಗಳ ಊರಿನವನ ಮೂಗು ಅದು. ಮಳೆಯೇ ಅಪರೂಪದ ಆ ಊರಿನಲ್ಲಿ ಮೋಡ ಕಂಡರೆ ಆಚೆ ಬಂದು ನಿಲ್ಲುತ್ತಿದ್ದೆ. ಇಲ್ಲಿ ಬಟ್ಟೆ ಒಣಗಿದರೆ ಹಬ್ಬ.

ಕಲಿತೆ. ಬೆಳಗಾದರೆ ಒಂದೊಂದೇ ಶ್ರುತಿ ಹಿಡಿದು ಕೂತೆ. ಚರ್ಚಿನಲ್ಲಿ ಹಾಡುವವರ ದನಿಗಳಿಗೆ ಹೊಂದಿಸಿ ನಾನು ಜೋಡಿಸಿದ ಕಾಂಗ್ ಬಾನ್ರಿಯ ಹಾಡು ಇಲ್ಲಿನ ಟ್ಯಾಕ್ಸಿಗಳಲ್ಲಿ ಓಡತೊಡಗಿತು. ತರಕಾರಿಯವಳು ನನ್ನ ಗುರುತು ಹಿಡಿದು "ಖುಬ್ಲೇಯ್" ಅಂದಳು. ಥ್ಯಾಂಕ್ಸ್ ಎಂದು ಅದರರ್ಥ, ಆದರೆ ಹರಸಿದಂತೆಯೂ ಕೇಳುತ್ತದೆ. ಆ ದಿನ ಬೇಡದ ಸೊಪ್ಪನ್ನೂ ಕೊಂಡು ತಂದೆ.

ಅಷ್ಟರಲ್ಲಿ ಓಬಳೇಶನ ಫೋನು. "ಲೇ ತಿಪ್ಪೇಶಿ, ಪೆನ್‌ಡ್ರೈವ್‌ನಾಗಿನ ಮ್ಯೂಸಿಕ್ ಹಾಕ್ಕಂಡು ಹಾಡಿ ಹಾಡಿ ಸಾಕಾಗೈತೆ. ಈ ಸಲ ಬಂದ್ರೆ ಉಳ್ಕಂತೀಯಾ ಇಲ್ವಾ ಹೇಳು. ಇಲ್ಲಾಂದ್ರೆ ಆರ್ಕೆಸ್ಟ್ರಾ ಮುಚ್ತೀನಿ."

ಯುಗಾದಿಗೆ ಊರಿಗೆ ಹೋದೆ. ಬಿ.ಜಿ. ಕೆರೆಯಲ್ಲಿ ಒಂದು ಆರತಕ್ಷತೆ. ನನ್ನ ಹಳೇ ಕೀಬೋರ್ಡ್ ಸ್ಟೇಜಿನ ಮೇಲಿತ್ತು. ಕಾವಲಿನ ಹಾಡಿಗೆ ಓಬಳೇಶ ಮೆಲ್ಲಗೆ ಗುನುಗಿದ. ಶ್ರುತಿ ನಾನು ಬಲ್ಲದ್ದಕ್ಕಿಂತ ಕೆಳಗಿತ್ತು. ಆದರೂ ಕಿವಿ ಥಟ್ಟನೆ ಹಿಡಿಯಿತು. ಶಿಲ್ಲಾಂಗಿನಲ್ಲಿ ಕಲಿತಂತೆ, ಬಟನ್ ಮುಟ್ಟದೆ, ಹೆಮ್ಮೆಯಿಂದ ಕರಿ ಕೀಗಳ ಮೇಲೆ ಕೈಯಿಟ್ಟೆ. ಹಾಡು ಒಂದು ಕಡೆ, ವಾದ್ಯ ಒಂದು ಕಡೆ ಹೋಯಿತು. ಜನ ನಕ್ಕರು. ಮುಂದೆ ಕೂತಿದ್ದ ಅಜ್ಜನೊಬ್ಬ "ಏಮಯ್ಯಾ, ಮರಚಿಪೋಯಾವಾ?" ಎಂದ. ಮರೆತುಬಿಟ್ಟೆಯಾ ಎಂದು.

ಓಬಳೇಶ ಬಗ್ಗಿ ಪಿಸುಗುಟ್ಟಿದ. "ಲೇ, ಬಟನ್ ಹಾಕೀನಿ. ಬಿಳಿ ಮ್ಯಾಲೆ ಇಡು ಕೈನ."

ಇಟ್ಟೆ. ಹಾಡು ಸರಿಯಾಗಿ ಕೂತಿತು. ಏನೂ ಕಲಿಯದ ಹಳೇ ತಿಪ್ಪೇಶಿಯಾಗಿ ನುಡಿಸಿದ್ದರೆ ತಪ್ಪೇ ಆಗುತ್ತಿರಲಿಲ್ಲ.

ಊಟಕ್ಕೆ ಕೂತಾಗ, "ಈಗ ಯಾರು ನುಡಿಸ್ತಾರೆ ಅದನ್ನ?" ಎಂದು ಕೇಳಿದೆ.

"ಯಾರೂ ಇಲ್ಲ. ಸುಮ್ನೆ ಸ್ಟೇಜಿನ ಮ್ಯಾಲೆ ಇಟ್ಕಂತೀನಿ."

"ಮತ್ತೆ ಬಟನ್? ಆಫ್ ಮಾಡಿದ್ರೆ ಸೊನ್ನೆಗೆ ಹೋಗ್ತದಲ್ಲ."

"ಹೋಗ್ತದೆ. ಪ್ರತಿ ಪ್ರೋಗ್ರಾಮಿಗೂ ನಾನೇ ಹಾಕ್ತೀನಿ. ನನ್ನ ದನಿ ಇಳ್ದಂಗೆಲ್ಲ ಇಳಿಸ್ಕಂತ ಬಂದೀನಿ. ನೀನು ಬಂದು ಕುಂತ್ರೆ ಹುಡುಕ್ಬಾರ್ದಲ್ಲ." ಎಲೆಯಿಂದ ತಲೆ ಎತ್ತದೆ ಕೇಳಿದ. "ಉಳ್ಕಂತೀಯಾ?"

ಜೇಬಿನ ಫೋನಿನಲ್ಲಿ ಕಾಂಗ್ ಬಾನ್ರಿಯ ಮೆಸೇಜು ಬಂದಿತ್ತು, ಮನೆಗೆ ಯಾವಾಗ ಎಂದು. ತೆರೆದು ನೋಡಿ ಮತ್ತೆ ಜೇಬಿಗಿಟ್ಟೆ. "ಮುಚ್ಬೇಡ ಕಣ್ಲೇ" ಅಂದೆ, ಅಷ್ಟೇ. ವಾರ ಕಳೆದು ಹೊರಟುಬಂದೆ. ಬಸ್ಸು ಚಳ್ಳಕೆರೆ ದಾಟುವವರೆಗೂ ಕಿಟಕಿ ಕಡೆ ನೋಡಲಿಲ್ಲ.

ಅವನು ಮುಚ್ಚಿಲ್ಲ. ಮೊನ್ನೆ ಮೊಳಕಾಲ್ಮೂರಿನಿಂದ, ಪ್ರೋಗ್ರಾಮ್ ಶುರುವಾಗುವ ಮುಂಚೆ ಫೋನ್ ಮಾಡಿದ್ದ. ಹಿಂದೆ ಮೈಕ್ ಟೆಸ್ಟಿಂಗ್ ಕೇಳುತ್ತಿತ್ತು.

"ಲೇ, ಇವತ್ತು ಬಟನ್ ಇನ್ನೊಂದು ಇಳಿಸ್ದೆ" ಅಂದ.

ಹೂಂ ಅಂದೆ. ಎದುರಿಗಿದ್ದ ಪಿಯಾನೊದಲ್ಲಿ ಆ ಶ್ರುತಿ ಎಲ್ಲಿದೆ ಎಂದು ಹುಡುಕದೆಯೇ ಗೊತ್ತಾಯಿತು. ಕೈ ಮಾತ್ರ ಏಳಲಿಲ್ಲ.