ದ್ರಾಕ್ಷಾಯಣಮ್ಮ ಕೇಳಿದ್ದು, ಪೇಪರಿನಲ್ಲಿ ಬಂದದ್ದು

ನೊಣವಿನಕೆರೆಯ ಶಂಭುಲಿಂಗಯ್ಯ ಇಪ್ಪತ್ತೇಳು ವರ್ಷದಿಂದ ಮನೆಮನೆಗೆ ಪೇಪರ್ ಹಾಕುವವರು. ಬೆಳಿಗ್ಗೆ ಐದಕ್ಕೆ ಕಿಬ್ಬನಹಳ್ಳಿ ಕ್ರಾಸಿನಿಂದ ಬಂಡಲ್ ತಂದು, ಏಳರೊಳಗೆ ಹಂಚಿ, ಆಮೇಲೆ ತೋಟಕ್ಕೆ ಹೋಗುತ್ತಿದ್ದರು.

ಹೋದ ವರ್ಷ ಹೆಂಡತಿ ದ್ರಾಕ್ಷಾಯಣಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಅದು ಬೆನ್ನುಮೂಳೆಗೂ ಇಳಿದಿತ್ತು. ಉಸಿರು ಕಟ್ಟಿದರೆ ಮೆಷಿನ್ ಹಾಕಬಹುದು, ಹಾಕಿದರೂ ವಾಸಿಯಾಗುವುದಿಲ್ಲ ಎಂದರು ಡಾಕ್ಟರು.

"ಮೆಷಿನ್ ಬ್ಯಾಡ. ಮನೇಗ್ ಕರ್ಕೊಂಡೋಗ್ರೀ. ನೋವಿಗೆ ಏನಾದ್ರೂ ಕೊಟ್ರೆ ಸಾಕು," ಎಂದರು ಆಕೆ.

ವಾರಕ್ಕೆರಡು ಸಲ ನರ್ಸ್ ಗಾನವಿ ಮನೆಗೆ ಬಂದು ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟು, ಬೆನ್ನು ಒರೆಸಿ ಹೋಗುತ್ತಿದ್ದರು. ಒಂದು ದಿನ ನೋವಿಳಿದು ದ್ರಾಕ್ಷಾಯಣಮ್ಮ ಗೋಡೆಗೊರಗಿ ಕೂತು, "ಒಂದ್ ತುತ್ತು ಮುದ್ದೆ ಕೊಡ್ರೀ" ಎಂದರು. ಆ ಸಂತೋಷಕ್ಕೇ ಶಂಭುಲಿಂಗಯ್ಯ, ಪರಿಚಯದ ವರದಿಗಾರ ಜ್ಞಾನೇಶನಿಗೆ ಎಲ್ಲವನ್ನೂ ಹೇಳಿದರು. "ಮನೇಗೇ ಬಂದು ನೋವಿಗೆ ಮದ್ದು ಕೊಡೋದು ಇಂಥದ್ದೊಂದೈತೆ ಅಂತ ಬರಿಯಪ್ಪ, ಇನ್ನೊಬ್ರಿಗೆ ಉಪಯೋಗ ಆಯ್ತದೆ."

ಗುರುವಾರ ಬಂಡಲ್ ಬಿಚ್ಚಿದರೆ ಹೆಂಡತಿಯ ಫೋಟೊ. ಮೇಲೆ ದಪ್ಪಕ್ಷರದಲ್ಲಿ: ‘ಪತ್ನಿಗೆ ದಯಾಮರಣ ಕೊಡಿ: ಪತಿಯ ಮೊರೆ’. ಹಂಚದಿದ್ದರೆ ಬಚ್ಚಿಟ್ಟ ಎನ್ನುತ್ತಾರೆಂದು ಎಲ್ಲ ಮನೆಗೂ ಹಾಕಿಯೇ ಬಂದರು.

ಫೋನಿನಲ್ಲಿ ಜ್ಞಾನೇಶ, "ಹೆಡ್ಡಿಂಗ್ ನಂದಲ್ಲ ಕಣಣ್ಣ, ಆಫೀಸಿನ ಡೆಸ್ಕ್‌ನೋರು ಹಾಕಿದ್ದು" ಎಂದ.

ಮಧ್ಯಾಹ್ನ ದ್ರಾಕ್ಷಾಯಣಮ್ಮನ ತಂಗಿ ಸುನಂದಾ ಚಿಕ್ಕನಾಯಕನಹಳ್ಳಿಯಿಂದ ಕಾರು ಮಾಡಿಕೊಂಡು ಬಂದಳು.

"ಅಕ್ಕನ್ನ ಸಾಯ್ಸಕ್ಕೆ ಪೇಪರ್ನಾಗೆ ಹಾಕ್ಸಿದೀರಲ್ಲ ಭಾವ!"

"ಮೆಷಿನ್ ಬ್ಯಾಡ ಅಂದಿದ್ದು ನಾನೇ ಕಣೇ, ಬುಡು," ಎಂದರು ಮಲಗಿದ್ದ ದ್ರಾಕ್ಷಾಯಣಮ್ಮ. ಯಾರೂ ಕಿವಿಗೊಡಲಿಲ್ಲ. ಬಾಗಿಲಾಚೆ ಊರಿನವರು ನಿಂತಿದ್ದರು. ಹೆಂಡತಿಯನ್ನು ಕೊಂದವನು ಎನ್ನಿಸಿಕೊಳ್ಳುವ ಧೈರ್ಯ ಶಂಭುಲಿಂಗಯ್ಯನಿಗಿರಲಿಲ್ಲ. ಸಂಜೆ ತುಮಕೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿ, ಉಸಿರು ಕಟ್ಟಿದರೆ ಮೆಷಿನ್ ಹಾಕಲು ಒಪ್ಪಿಗೆ ಎಂದು ಸಹಿ ಮಾಡಿದರು.

ಅದೇ ರಾತ್ರಿ ಉಸಿರು ಕಟ್ಟಿತು, ಮೆಷಿನ್ ಹಾಕಿದರು. ಗಂಟಲಿನ ಕೊಳವೆ ಕಿತ್ತುಕೊಳ್ಳಬಾರದೆಂದು ಆಕೆಯ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಏಳನೆಯ ದಿನ ಐಸಿಯು ಒಳಗೆ ಹೋಗಿ ಆ ಕಟ್ಟಿದ ಕೈಗಳನ್ನು ನೋಡಿದ ಸುನಂದಾ ನೇರ ಭಾವನ ಬಳಿಗೆ ಬಂದಳು.

"ತೆಗ್ಸಿ ಮನೇಗ್ ಕರ್ಕೊಂಡೋಗಣ ಭಾವ."

ಡಾಕ್ಟರನ್ನು ಕೇಳಿದರು. ಹಾಕಿದ ಮೇಲೆ ತೆಗೆಯಲು ವೈದ್ಯರ ಮಂಡಳಿ ನೋಡಿ ಒಪ್ಪಬೇಕು, ಎರಡು ದಿನ ಬೇಕು ಎಂದರು. ಒಂಬತ್ತನೆಯ ದಿನ ಬೆಳಿಗ್ಗೆ, ಮಂಡಳಿ ಸೇರುವ ಮೊದಲೇ, ದ್ರಾಕ್ಷಾಯಣಮ್ಮ ಹೋದರು. ಆಗ ಮನೆಯವರು ಯಾರೂ ಒಳಗಿರಲಿಲ್ಲ.

ಶಿವಗಣಾರಾಧನೆಗೆ ಬಂದ ಜ್ಞಾನೇಶ ತಲೆ ತಗ್ಗಿಸಿ, "ಸ್ಪಷ್ಟನೆ ಹಾಕುಸ್ತೀನಣ್ಣ" ಎಂದ.

"ಸಹಿ ಮಾಡ್ದೋನು ನಾನು ಕಣಪ್ಪ," ಎಂದರು ಶಂಭುಲಿಂಗಯ್ಯ. "ಬ್ಯಾಡ ಅಂದಿದ್ಳು. ನಂಗೆ ಗೊತ್ತಿತ್ತು."

ಊಟಕ್ಕೆ ಕೂತಿದ್ದ ಪಂಕ್ತಿಯ ಮುಂದೆಯೇ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.