ಸೋಸಲೆಯಲ್ಲಿ ನೆರಳು ಹರಿದ ದಿನ

ಬೆಳಗಿನ ಪ್ಯಾಸೆಂಜರ್ ರೈಲು ಮೈಸೂರು ಬಿಡುವಾಗಲೇ ಕಿಟಕಿಯ ಸರಳು ಬೆಚ್ಚಗಾಗಿತ್ತು. ಎರಡು ಸಾವಿರದ ಇಸವಿ ಕಳೆದು ಹೆಚ್ಚು ವರ್ಷಗಳಾಗಿರಲಿಲ್ಲ, ಏಪ್ರಿಲ್ ತಿಂಗಳು. ನಾನಾಗ ಮೈಸೂರಿನ ಒಂದು ಹೋಟೆಲಿಗೆ ತರಕಾರಿ ಕೊಳ್ಳುವ ಕೆಲಸದಲ್ಲಿದ್ದೆ. ಅಲ್ಲಿ ಇಳಿದುಕೊಳ್ಳುತ್ತಿದ್ದ ವಿದೇಶಿಯರಿಗೆ ದಿನವೂ ಹಸಿ ಲೆಟ್ಯೂಸ್ ಎಲೆ ಬೇಕಿತ್ತು. ಚಳಿಗಾಲದಲ್ಲಿ ನಂಜನಗೂಡು, ತಿ. ನರಸೀಪುರದ ಕಡೆಯಿಂದ ಬರುತ್ತಿದ್ದ ಸೊಪ್ಪು ಚೆನ್ನಾಗಿಯೇ ಇರುತ್ತಿತ್ತು. ಮಾರ್ಚ್ ಹಿಡಿದರೆ ಅದೇ ಎಲೆ ಬಾಯಿಗಿಡಲಾರದಷ್ಟು ಕಹಿ. ನೆರಳು ಕಟ್ಟಿ ಬೇಸಿಗೆಯಲ್ಲೂ ಬೆಳೆಯುವವರಿದ್ದಾರೆ, ನೋಡಿಕೊಂಡು ಬಾ ಎಂದು ಅಡುಗೆಮನೆಯ ಮುಖ್ಯಸ್ಥರು ಕಳಿಸಿದ್ದರು. ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಟಿದ್ದೆ.

ತಾಂಡವಪುರದಲ್ಲಿ ರೈಲು ಸುಮ್ಮನೆ ಬಹಳ ಹೊತ್ತು ನಿಂತಿತು. ಹಳಿಯ ಪಕ್ಕದ ಹೊಲಗಳು ಬೋಳಾಗಿದ್ದವು. ಸೇತುವೆ ಬಂದಾಗ ನೋಡಿದೆ, ಕಪಿಲೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ನಂಜನಗೂಡಿನಲ್ಲಿ ಇಳಿದು ಇಡ್ಲಿ ತಿಂದು, ಊರಾಚೆಗಿದ್ದ ಶಿವಣ್ಣನವರ ತೋಟಕ್ಕೆ ನಡೆದುಕೊಂಡು ಹೋದೆ. ಶಿವಣ್ಣ ಗೊಬ್ಬರದ ವ್ಯಾಪಾರಿ. ಲೆಟ್ಯೂಸ್ ಹಾಕಿದ್ದು ಅದೇ ಮೊದಲು.

ಅವರ ಬಯಲಿನ ಮಡಿಗಳಲ್ಲಿ ಗಿಡಗಳು ಸೊಂಟದೆತ್ತರಕ್ಕೆ ದಂಟೆದ್ದು ಹಳದಿ ಹೂ ಬಿಟ್ಟಿದ್ದವು. ಎಲೆಗಳ ಅಂಚು ಸುಟ್ಟಿತ್ತು. ಒಂದನ್ನು ಮುರಿದರೆ ಬಿಳಿ ಹಾಲು ಒಸರಿತು. ನಾಲಿಗೆಗೆ ತಾಗಿಸಿ ಉಗುಳಿದೆ.

"ಬಿಸ್ಲು ಜಾಸ್ತಿ ಆದ್ರೆ ಅದಕ್ಕೆ ಸಾಯೋ ಭಯ ಕಣ್ರೀ," ಎಂದರು ಶಿವಣ್ಣ. "ಎಲೆ ಬುಟ್ಟು ಬೀಜಕ್ಕೆ ಅವಸರ ಮಾಡ್ತದೆ."

ಅದಕ್ಕೆ ಹೆದರಿ ಅವರು ಇನ್ನರ್ಧ ತೋಟಕ್ಕೆ ದಟ್ಟ ಕಪ್ಪು ಪರದೆಯನ್ನು ಎರಡು ಪದರ ಹೊದಿಸಿದ್ದರು. ಬಗ್ಗಿ ಒಳಗೆ ಹೋದರೆ ಉಗ್ರಾಣದ ಕತ್ತಲು. ಅಲ್ಲಿನ ಗಿಡಗಳು ಬಿಳಿಚಿಕೊಂಡು, ಬೆಳಕು ಹುಡುಕುತ್ತಾ ಉದ್ದಕ್ಕೆ ಎಳೆದುಕೊಂಡು, ತಮ್ಮ ಭಾರಕ್ಕೇ ಒರಗಿದ್ದವು. ಬುಡ ಕೊಳೆತ ವಾಸನೆ ಬರುತ್ತಿತ್ತು.

"ಬಿಸ್ಲಲ್ಲೂ ಓಯ್ತು, ನೆರಳಲ್ಲೂ ಓಯ್ತು. ನೀವು ಸೋಸಲೆ ಮಾದೇವನ್ನ ನೋಡಿ," ಎಂದು ಶಿವಣ್ಣ ನನ್ನನ್ನು ಬಸ್ಸಿಗೆ ಹತ್ತಿಸಿದರು.

ತಿ. ನರಸೀಪುರದ ಬಸ್ಸು ತುಂಬಿ ತುಳುಕುತ್ತಿತ್ತು. ನಿಂತೇ ಹೋದೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮುದ್ದೆ, ಹುರುಳಿಕಾಳು ಸಾರು ಉಂಡು, ಇನ್ನೊಂದು ಬಸ್ಸು ಹಿಡಿದು ಸೋಸಲೆಯಲ್ಲಿ ಇಳಿದಾಗ ಬಿಸಿಲು ನೆತ್ತಿ ದಾಟಿತ್ತು. ಗಾಳಿಯ ಸುಳಿವೇ ಇರಲಿಲ್ಲ.

ಚಳಿಗಾಲದಲ್ಲಿ ಸೊಪ್ಪು ತರಿಸುವಾಗ ಮಾದೇವನ ದನಿ ಎಸ್‌ಟಿಡಿ ಬೂತಿನ ಫೋನಿನಲ್ಲಿ ಕೇಳಿ ಗೊತ್ತಿತ್ತು, ಮುಖ ನೋಡಿದ್ದು ಅಂದೇ. ನನ್ನದೇ ವಯಸ್ಸಿನ, ಹಲ್ಲೆಲ್ಲ ಕಾಣುವಂತೆ ನಗುವ ಮನುಷ್ಯ. ಹೊಲ ರಸ್ತೆಯ ಪಕ್ಕದಲ್ಲೇ ಇತ್ತು, ಮನೆ ಅದರ ಹಿಂದೆ. ಮನೆಯಲ್ಲಿ ಹೆಂಡತಿ ರತ್ನಮ್ಮ, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅಕ್ಕ ಪುಟ್ಟಮ್ಮ. ಹೊಲದಲ್ಲಿ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬಿಸಿಲಿನ ಅರ್ಧವನ್ನಷ್ಟೇ ತಡೆಯುವ ಹಸಿರು ಪರದೆ ಕಟ್ಟಿದ್ದರು. ಎಳೆ ಬಿಸಿಲಿಗೆ ಅದನ್ನು ಸುತ್ತಿಡುವುದು, ಹೊತ್ತು ಏರಿದ ಮೇಲೆ ಎಳೆಯುವುದು ಮಾದೇವನ ನಿತ್ಯದ ಕೆಲಸ.

ಪರದೆಯಡಿ ಕಾಲಿಟ್ಟೊಡನೆ ಮೈಯ ಉರಿ ಇಳಿಯಿತು. ಮಡಿಗಳಲ್ಲಿ ಲೆಟ್ಯೂಸ್ ದುಂಡಗೆ, ತೇವವಾಗಿ ಕೂತಿತ್ತು. ಮಾದೇವ ಒಂದು ಎಲೆ ಕಿತ್ತು ಉಪ್ಪು ಸವರಿ ಕೊಟ್ಟ. ಕಹಿ ಎಳ್ಳಷ್ಟೂ ಇರಲಿಲ್ಲ.

"ನಾವು ಇದ್ರಲ್ಲಿ ಬಸ್ಸಾರು ಮಾಡಿದ್ವಿ ಸಾ," ಎಂದಳು ರತ್ನಮ್ಮ. "ಲೋಳೆ ಲೋಳೆ ಆಗೋಯ್ತು. ನಾಯೂ ಮೂಸ್ಲಿಲ್ಲ."

"ನಾಳಿದ್ದು ಕೊಯ್ತೀನಿ. ಬೆಳಗ್ಗೆ ಬಸ್ಸಿಗೇ ಆಕಿ ಕಳಿಸ್ತೀನಿ, ನಿಮ್ ಓಟ್ಲಿಗೆ," ಎಂದ ಮಾದೇವ.

ಕಾಫಿ ಕುಡಿಯುತ್ತಿದ್ದಾಗ ಕಾವೇರಿಯ ಕಡೆಯಿಂದ ಕೆಂಧೂಳು ಎದ್ದಿತು. ಅಶ್ವಿನಿ ಮಳೆಗೆ ಮುಂಚಿನ ಗಾಳಿ. ಲೋಟ ಕೆಳಗಿಡುವಷ್ಟರಲ್ಲಿ ತೆಂಗಿನ ಮರಗಳು ಬಿಲ್ಲಿನಂತೆ ಬಾಗಿದ್ದವು. ಪರದೆ ಊದಿಕೊಂಡು ಮೇಲೆದ್ದು, ತಂತಿಗಳು ಕಿರುಗುಟ್ಟಿದವು. ಮಾದೇವ ಅದನ್ನು ಬಿಚ್ಚಲು ಓಡಿದ. ನಾವು ಮೂವರೂ ಹಿಂದೆ ಓಡಿ ಒಂದೊಂದು ಹಗ್ಗ ಹಿಡಿದೆವು.

"ಅಗ್ಗ ಬುಡಬ್ಯಾಡಿ!" ಎಂದು ಅವನು ಕೂಗುತ್ತಿದ್ದ. "ಈ ಗಂಟೊಂದು ಬಿಚ್ಚುದ್ರೆ ಆಯ್ತದೆ!"

ಗಂಟು ಬಿಚ್ಚಲಿಲ್ಲ. ಪರದೆ ಮತ್ತೊಮ್ಮೆ ಗಾಳಿ ತುಂಬಿಕೊಂಡು ಎಳೆದಾಗ ನನ್ನ ಅಂಗೈ ಸುಲಿದು ಹಗ್ಗ ಜಾರಿಹೋಯಿತು. ಪುಟ್ಟಮ್ಮ ಮಡಿಯ ಮೇಲೆ ಬಿದ್ದಳು. ಮೂಲೆಯ ಕಲ್ಲುಕಂಬ ಬುಡಸಮೇತ ಕಿತ್ತು ಮಾದೇವನ ಎದೆಯ ಮೇಲೆ ಉರುಳಿತು. ಪರದೆ ಹರಿದು ರಸ್ತೆಯಾಚೆಗೆ ಹಾರಿತು. ಮಳೆ ನಾಲ್ಕು ಹನಿ ಉದುರಿಸಿ ನಿಂತಿತು.

ನೆರೆಯವರು ಬಂದು ಕಂಬ ಪಕ್ಕಕ್ಕೆ ಸರಿಸಿದರು. ಮಾದೇವನಿಗೆ ಪ್ರಜ್ಞೆಯಿತ್ತು, ಉಸಿರು ಎಳೆಯಲಾಗುತ್ತಿರಲಿಲ್ಲ. ಟೊಮೆಟೊ ಸಾಗಿಸುವ ಟೆಂಪೊದಲ್ಲಿ ತಿ. ನರಸೀಪುರಕ್ಕೆ ಒಯ್ದೆವು. ಅಲ್ಲಿನ ಡಾಕ್ಟರು ಮುಟ್ಟಿ ನೋಡಿ, ತಡಮಾಡದೆ ಮೈಸೂರಿಗೆ ಹೋಗಿ ಎಂದರು. ಆಂಬುಲೆನ್ಸಿನಲ್ಲಿ ಒಬ್ಬರಿಗಷ್ಟೇ ಜಾಗ. ರತ್ನಮ್ಮ ಹತ್ತಿ ಕೂತು ನನ್ನತ್ತ ತಿರುಗಿದಳು.

"ಅಕ್ಕನ್ನ ಮನೆಗೆ ಕರ್ಕೊಂಡೋಗಿ ಸಾ. ನಾಳೆ ಗಿಡಾನ ಬಿಸ್ಲಿಗೆ ಬುಡಬ್ಯಾಡಿ. ಅವ್ರು ಬಂದು ಕೇಳ್ತಾರೆ."

ಮರುದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಎಳೆ ಬಿಸಿಲಿನಲ್ಲಿ ಲೆಟ್ಯೂಸ್ ಎಂದಿಗಿಂತ ಹಸಿರಾಗಿ ಹೊಳೆಯುತ್ತಿತ್ತು. ಆದರೆ ಹೊತ್ತೇರುವ ವೇಳೆಗೆ ಹೊರಗಿನ ಎಲೆಗಳು ಜೋಲತೊಡಗಿದವು. ಹುಟ್ಟಿದಂದಿನಿಂದ ನೆರಳಲ್ಲೇ ಬೆಳೆದ ಎಲೆಗಳು. ಬಯಲಿನ ಗಿಡದಷ್ಟೂ ತಾಳಿಕೆ ಅವಕ್ಕಿರಲಿಲ್ಲ. ಅಂಚುಗಳು ಗಾಜಿನಂತೆ ತೆಳುವಾಗಿ, ಆಮೇಲೆ ಕಂದಾದವು. ನೀರು ಹಾಯಿಸೋಣವೆಂದರೆ ಗಾಳಿಗೆ ಕರೆಂಟು ಹೋಗಿದ್ದು ಬಂದೇ ಇರಲಿಲ್ಲ.

ಪುಟ್ಟಮ್ಮ ಗಾಳಿಗೆ ಬಿದ್ದಿದ್ದ ತೆಂಗಿನ ಗರಿಗಳನ್ನು ಎಳೆದು ತಂದು ಮಡಿಗೆ ಅಡ್ಡಡ್ಡ ಹೊದಿಸತೊಡಗಿದಳು. ನಾನು ಅಂಗೈಗೆ ಬಟ್ಟೆ ಸುತ್ತಿಕೊಂಡು ಸೇರಿಕೊಂಡೆ. ಗರಿಯ ಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ಇಳಿಯುತ್ತಿತ್ತು. ಒಂದು ಕಡೆಯಿಂದ ಮುಚ್ಚುತ್ತಾ ಬಂದೆವು. ಮೊದಲು ಮುಚ್ಚಿದ ಮಡಿಯಲ್ಲಿ ಬಗ್ಗಿ ನೋಡಿದೆ. ಎಲೆಗಳು ಮೆಲ್ಲಗೆ ತಲೆ ಎತ್ತುತ್ತಿದ್ದವು.

"ಉಳ್ಕೊತವೆ ಪುಟ್ಟಮ್ಮ," ಎಂದೆ.

"ಉಳೀಲಿ. ಅವ್ನು ಬಂದ್ಮ್ಯಾಕೆ ಬೈಸ್ಕೊಳೋರು ಯಾರು," ಎಂದಳು. ಅವಳು ನಕ್ಕಿದ್ದು ಅದೊಂದೇ ಸಲ.

ಕೊನೆಯ ಮಡಿಗೆ ಬಂದಾಗ ಎಸ್‌ಟಿಡಿ ಬೂತಿನವನು ಸೈಕಲ್ ತಳ್ಳಿಕೊಂಡು ಬಂದ. ಹತ್ತಿ ಬರಬಹುದಾದ ದಾರಿಯಲ್ಲಿ ತಳ್ಳಿಕೊಂಡು ಬರುತ್ತಿದ್ದುದನ್ನು ನೋಡಿಯೇ ಪುಟ್ಟಮ್ಮ ಗರಿ ಕೈಬಿಟ್ಟಳು.

"ಆಸ್ಪತ್ರೆಯಿಂದ ರತ್ನಕ್ಕ ಫೋನ್ ಮಾಡಿತ್ತು," ಎಂದ ಅವನು. "ಮಾದೇವಣ್ಣ ಓಗ್ಬುಟ್ಟ. ಮಧ್ಯಾಹ್ನಕ್ಕೆ ತತ್ತಾರಂತೆ."

ಪುಟ್ಟಮ್ಮ ಮಡಿಯ ಅಂಚಿನಲ್ಲಿ ಕುಸಿದು ಎದೆ ಎದೆ ಬಡಿದುಕೊಂಡಳು. ಕೇರಿಯವರು ಓಡಿ ಬಂದರು. ಹೆಂಗಸರು ಅವಳನ್ನು ಹಿಡಿದು ಕೂರಿಸಿದರು. ಗಂಡಸರು ಮನೆಯ ಮುಂದೆ ಬಿದಿರು ನೆಟ್ಟರು. ಅಂಗಳದಲ್ಲಿ ಒಂದು ಮರವೂ ಇರಲಿಲ್ಲ. ಬರುವ ಜನರಿಗೆ, ಹೆಣಕ್ಕೆ ಚಪ್ಪರ ಬೇಕು, ಬಿದ್ದಿದ್ದ ಗರಿಯೆಲ್ಲ ಮಡಿಗಳ ಮೇಲಿತ್ತು. ಒಬ್ಬ ಹೊಲದ ಕಡೆ ನೋಡಿ, ಪುಟ್ಟಮ್ಮನ ಕಡೆ ತಿರುಗಿದ.

ಅವಳು ಕಣ್ಣೊರೆಸಿಕೊಂಡು ಎದ್ದಳು. ತಾನೇ ಹೋಗಿ ಮೊದಲ ಮಡಿಯ ಗರಿ ಎತ್ತಿದಳು.

"ತಕ್ಕಳಿ," ಎಂದಳು. "ನನ್ ತಮ್ಮನ್ನ ಬಿಸ್ಲಲ್ಲಿ ಮಲಗುಸ್ಬ್ಯಾಡಿ."

ಒಂದೊಂದೇ ಗರಿ ಹೋಯಿತು. ನಾನೂ ಹೊತ್ತೆ. ಮಾದೇವನನ್ನು ತಂದು ಆ ಚಪ್ಪರದ ಕೆಳಗೆ ಮಲಗಿಸಿದಾಗ ರತ್ನಮ್ಮ ಹೊಲದತ್ತ ಕಣ್ಣೆತ್ತಲಿಲ್ಲ. ಯಾರೊಬ್ಬರೂ ನನ್ನನ್ನು ಹೊರಗಿನವನೆಂದು ದೂರ ಕೂರಿಸಲಿಲ್ಲ. ಮಣ್ಣಾದ ಮೇಲೆ ನದಿಯಲ್ಲಿ ಮಿಂದು, ಎಲ್ಲರ ಜೊತೆ ಮನೆಯ ದೀಪ ನೋಡಿ, ಕೈಮುಗಿದು ಹೊರಟೆ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಟಿಕೆಟ್ ತೆಗೆದುಕೊಳ್ಳುತ್ತಿದ್ದಾಗ ಬಸ್ಸು ಆ ಹೊಲದ ಪಕ್ಕವೇ ಹಾದಿತು. ಲೆಟ್ಯೂಸ್ ಒದ್ದೆ ಕಾಗದದಂತೆ ನೆಲಕ್ಕಂಟಿತ್ತು. ಯಾರದೋ ಹಸುವೊಂದು ಮಡಿಗಿಳಿದು ಮೇಯುತ್ತಿತ್ತು. ಅದನ್ನು ಅಟ್ಟಲು ಯಾರೂ ಬರಲಿಲ್ಲ.